‘ವಾತಾವರಣ’ ಎಂದರೆ ಗಾಳಿಯಾ, ಹವೆಯಾ, ಮನೆಯ ಕಳೆಯಾ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಒಂದು ಪದದ ಮೇಲೆ ನಮ್ಮ ಮನೆಯಲ್ಲಿ ವಾದ ನಡೆಯುತ್ತಲೇ ಇದೆ. ನಿಮ್ಮನ್ನೂ ಕೇಳೋಣ ಅಂತ ಬಂದೆ.

ಮಗಳು ಎಂಟನೇ ಕ್ಲಾಸು. ಊರ ಜಾತ್ರೆಯ ಮೇಲೆ ಪ್ರಬಂಧ ಬರೆದಿದ್ದಳು. ‘ಅಂದು ವಾತಾವರಣ ತಂಪಾಗಿತ್ತು’ ಅಂತ ಶುರು. ಮಧ್ಯದಲ್ಲಿ ‘ಬೀದಿಯಲ್ಲೆಲ್ಲ ಹಬ್ಬದ ವಾತಾವರಣ’. ಕೊನೆಗೆ ‘ಪಟಾಕಿಯ ಹೊಗೆ ವಾತಾವರಣ ಸೇರಿತು’. ಕನ್ನಡ ಮೇಡಂ ಮೊದಲನೆಯದಕ್ಕೆ ಮಾತ್ರ ಕೆಂಪು ಗೆರೆ ಎಳೆದು ‘ಹವಾಮಾನ’ ಎಂದು ತಿದ್ದಿದ್ದಾರೆ. ಉಳಿದೆರಡನ್ನು ಹಾಗೇ ಬಿಟ್ಟಿದ್ದಾರೆ.

ಮೊದಲನೆಯದು ತಪ್ಪು ಹೇಗೆ? ಟಿವಿಯಲ್ಲಿ ದಿನಾ ‘ಮೋಡ ಮುಸುಕಿದ ವಾತಾವರಣ’ ಅಂತಾರಲ್ಲ? ಅವಳ ಸಮಾಜ ಪುಸ್ತಕ ತೆಗೆದರೆ ಅಲ್ಲಿ ‘ವಾಯುಗೋಳ’ ಅಂತಿದೆ. ನಮ್ಮತ್ತೆಯವರು ಇದ್ಯಾವುದನ್ನೂ ಬಳಸಲ್ಲ. ‘ಇವತ್ತು ಹವೆ ಚೆನ್ನಾಗಿದೆ’ ಅಂದು ಮುಗಿಸುತ್ತಾರೆ. ಯಾವುದು ಎಲ್ಲಿಗೆ ಸರಿ, ಸ್ವಲ್ಪ ಬಿಡಿಸಿ ಹೇಳಿ.

ನಿವೃತ್ತ_ಮೇಷ್ಟ್ರು
ಮೇಡಂ ತಿದ್ದಿದ್ದು ಸರಿಯಾಗಿದೆ. ಶಾಲೆಯಲ್ಲಿ ಈ ವ್ಯತ್ಯಾಸ ಕಲಿಸದಿದ್ದರೆ ಮುಂದೆ ಯಾರೂ ಕಲಿಸುವುದಿಲ್ಲ.

ಭೂಮಿಯನ್ನು ಸುತ್ತಿಕೊಂಡಿರುವ ಗಾಳಿಯ ಹೊದಿಕೆ ವಾಯುಗೋಳ. ಅದರಲ್ಲಿ ಶೇ 78ರಷ್ಟು ಸಾರಜನಕ, ಶೇ 21ರಷ್ಟು ಆಮ್ಲಜನಕ. ಇವತ್ತು ಮಧ್ಯಾಹ್ನ ನಿಮ್ಮೂರಲ್ಲಿ ಬಿಸಿಲೋ ಮಳೆಯೋ ಅನ್ನುವುದು ಹವಾಮಾನ. ಹತ್ತಾರು ವರ್ಷದ ಹವಾಮಾನದ ಸರಾಸರಿ ವಾಯುಗುಣ. ಈ ಸರಾಸರಿಗೆ 30 ವರ್ಷದ ಲೆಕ್ಕ ಹಿಡಿಯುತ್ತಾರೆ, ಈಗ ಚಾಲ್ತಿಯಲ್ಲಿರುವುದು 1991ರಿಂದ 2020ರವರೆಗಿನದು. ಹಾಗಾಗಿ ‘ಅಂದು ತಂಪಾಗಿತ್ತು’ ಅನ್ನುವಾಗ ಹವಾಮಾನವೇ ಬೇಕು. ವಾತ ಅಂದರೆ ಗಾಳಿ, ಆವರಣ ಅಂದರೆ ಸುತ್ತುವರಿದದ್ದು. ಸುತ್ತ ಇರುವುದರ ಬಗ್ಗೆ ಹೇಳಲು ವಾತಾವರಣ ಇಟ್ಟುಕೊಳ್ಳೋಣ.

ಡೆಸ್ಕ್_ರಾತ್ರಿಪಾಳಿ
ಮೇಷ್ಟ್ರೇ, ಪುಸ್ತಕದ ಮಾತಿಗೆ ಒಪ್ಪಿದೆ. ಬಳಕೆಯ ಮಾತಿಗೆ ಒಪ್ಪಲಾರೆ. ‘ಮೋಡ ಕವಿದ ವಾತಾವರಣ’, ‘ತಂಪು ವಾತಾವರಣ’ ಇವೆಲ್ಲ ಎಲ್ಲ ಪತ್ರಿಕೆಯಲ್ಲೂ ಬರುತ್ತವೆ. ಓದುಗರಿಗೆ ಅರ್ಥದಲ್ಲಿ ಗೊಂದಲವೇ ಇಲ್ಲ. ಎಲ್ಲರೂ ಬಳಸುವ, ಎಲ್ಲರಿಗೂ ತಿಳಿಯುವ ಪ್ರಯೋಗಕ್ಕೆ ಕೆಂಪು ಗೆರೆ ಯಾಕೆ? ಬೇಕಿದ್ದರೆ ಪಕ್ಕದಲ್ಲಿ ‘ಹವಾಮಾನ ಅಂತಲೂ ಬರೆಯಬಹುದು’ ಅಂತ ಬರೆದರೆ ಸಾಕಿತ್ತು.

ಸುಮ್ನೆ_ಓದುಗ
‘ಇವತ್ತು ಕ್ಲೈಮೇಟ್ ಸೂಪರ್’ ಅನ್ನೋ ಬೆಂಗಳೂರಿನವರಿಗೆ ಯಾವ ಬಣ್ಣದ ಗೆರೆ ಎಳೀತೀರಿ?

ನಿವೃತ್ತ_ಮೇಷ್ಟ್ರು
ಅವರಿಗೂ ಅದೇ ಪಾಠ. ಒಂದು ಸಂಜೆಯದು ಕ್ಲೈಮೇಟ್ ಆಗಲ್ಲ. ಇದು ಹಟದ ಮಾತಲ್ಲ, ಅದರಿಂದ ತೊಂದರೆ ಇದೆ. ಒಂದು ವರ್ಷ ಡಿಸೆಂಬರ್‌ನಲ್ಲಿ ಜಾಸ್ತಿ ಚಳಿ ಬಿದ್ದರೆ ‘ಭೂಮಿ ಬಿಸಿಯಾಗ್ತಿದೆ ಅಂತಾರೆ, ಎಲ್ಲಿ?’ ಎಂದು ಕೇಳುವವರು ಈ ಎರಡನ್ನೂ ಒಂದೇ ಅಂದುಕೊಂಡವರು. ಪತ್ರಿಕೆಗಳೂ ‘ಹವಾಮಾನ ಬದಲಾವಣೆ’ ಎಂದೇ ಬರೆಯುತ್ತವೆ. ಹವಾಮಾನ ಬೆಳಿಗ್ಗೆಯಿಂದ ಸಂಜೆಗೆ ಬದಲಾಗುತ್ತದೆ, ಅದರಲ್ಲಿ ಸುದ್ದಿ ಏನಿದೆ? ಬದಲಾಗುತ್ತಿರುವುದು ವಾಯುಗುಣ.

ಡೆಸ್ಕ್_ರಾತ್ರಿಪಾಳಿ
ಇದೊಂದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ‘ವಾಯುಗುಣ ಬದಲಾವಣೆ’ ಅಂತ ತಲೆಬರಹ ಕೊಟ್ಟರೆ ಓದುವವರು ಅರ್ಧಕ್ಕೆ ನಿಲ್ಲುತ್ತಾರೆ. ಜನರ ಬಾಯಿಗೆ ‘ಹವಾಮಾನ ಬದಲಾವಣೆ’ ಕೂತುಬಿಟ್ಟಿದೆ. ಇನ್ನು ಅದನ್ನು ಕೀಳಲಾಗದು.

ಜೋಳದ_ರೊಟ್ಟಿ
ನಮ್ಮ ಕಲಬುರಗಿ ಕಡೆಗೆ ಬರ್ರಿ. ಇಲ್ಲಿ ಎರಡಕ್ಕೂ ಬೇರೆ ಬೇರೆ ಮಾತು ಅದಾವ. ಹೊರಗಿನದು ‘ಹವಾ’. ಜನ ಸೇರಿದಲ್ಲಿ ಆಗೋದು ‘ಮಾಹೋಲ್’. ಉರುಸು ಇರಲಿ, ಶರಣಬಸವೇಶ್ವರ ಜಾತ್ರೆ ಇರಲಿ, ‘ಮಾಹೋಲ್ ಭಾಳ ಛಲೋ ಇತ್ತು’ ಅಂತೀವಿ. ಉರ್ದು, ಕನ್ನಡ, ಮರಾಠಿ ಎಲ್ಲ ಕೂಡಿ ಬೆಳೆದ ಮಾತು ನಮ್ಮದು. ಮಗಳ ಪ್ರಬಂಧದಾಗ ಹಾಗೆ ಬರೆದರ ಮೇಡಂ ಏನಂತಿದ್ದರೋ!

ಮತ್ತ ಹವಾಕ್ಕೆ ಇನ್ನೊಂದು ಅರ್ಥ ಐತಿ. ‘ಈ ಸಲ ಅವರದೇ ಹವಾ’ ಅಂದರೆ ಚುನಾವಣೆ. ಸಿನಿಮಾ ಬಿಡುಗಡೆ ದಿವಸ ‘ಫುಲ್ ಹವಾ’. ಇದು ಈಗ ಇಡೀ ಕರ್ನಾಟಕದಾಗ ನಡೀತದ.

ಕಡಲತಡಿ
ಹವಾ, ಹವೆ, ಹವಾಮಾನ, ಎಲ್ಲದರ ಬೇರು ಅರಬ್ಬಿಯ ‘ಹವಾ’. ಗಾಳಿ ಅಂತಲೇ ಅರ್ಥ. ಅದಕ್ಕೆ ಸಂಸ್ಕೃತದ ‘ಮಾನ’ ಸೇರಿಸಿ ಹವಾಮಾನ ಆಗಿದೆ. ಈಗ ಅದೇ ಶುದ್ಧ ಕನ್ನಡ ಅನ್ನುವಷ್ಟು ನಮ್ಮದಾಗಿದೆ. ಜೋಳದ ರೊಟ್ಟಿಯವರ ಮಾಹೋಲ್ ಕೂಡ ಹಾಗೇ ಸಲ್ಲಬೇಕು.

ನಮ್ಮ ಕುಂದಾಪುರದ ಕಡೆ ‘ವಾತಾವರಣ ಬಿಸಿಯಾಗಿದೆ’ ಅಂತ ಯಾರೂ ಹೇಳುವುದಿಲ್ಲ. ‘ಸೆಖೆ’ ಅಂತೇವೆ. ಒಂದೇ ಮಾತಿಗೆ ಮೈ ಬೆವರು, ಅಂಟಂಟು, ಫ್ಯಾನ್ ಹಾಕಿದರೂ ತಡೆಯದ ಕಷ್ಟ ಎಲ್ಲ ಬಂತು.

ಜೋಳದ_ರೊಟ್ಟಿ
ನಿಮ್ಮಲ್ಲಿ ಎಷ್ಟು ಇರ್ತದ್ರಿ? 34, 35? ನಮ್ಮಲ್ಲಿ ಮೇ ತಿಂಗಳಾಗ 42 ದಾಟ್ತದ. ಅದಕ್ಕ ‘ಝಳ’ ಅಂತೀವಿ. ಮುಖಕ್ಕ ಹೊಡೀತದ.

ಕಡಲತಡಿ
ಅಂಕಿ ನೋಡಿ ಹೇಳಬೇಡಿ ಮಾರಾಯ್ರೆ. ನಿಮ್ಮ 42ರಲ್ಲಿ ಗಾಳಿ ಒಣಗಿರುತ್ತದೆ. ಬೆವರು ಬಂದ ಹಾಗೇ ಆರುತ್ತದೆ, ಆರುವಾಗ ಮೈಯ ಬಿಸಿಯನ್ನೂ ಎಳೆದುಕೊಂಡು ಹೋಗುತ್ತದೆ. ಮರದ ನೆರಳಲ್ಲಿ ಕೂತರೆ ಸ್ವಲ್ಪ ಹಾಯೆನಿಸುತ್ತದೆ ಅಲ್ವಾ? ನಮ್ಮಲ್ಲಿ ನೆರಳಿದ್ದರೂ ಪ್ರಯೋಜನ ಇಲ್ಲ. ಸಮುದ್ರದ ತೇವ ಗಾಳಿಯಲ್ಲಿ ತುಂಬಿರುತ್ತದೆ, ಬೆವರು ಆರಲು ಜಾಗವೇ ಇಲ್ಲ. ಅದಕ್ಕೇ ಸೆಖೆ ಬೇರೆ, ಝಳ ಬೇರೆ. ಎರಡನ್ನೂ ‘ಬಿಸಿ ವಾತಾವರಣ’ ಅಂದರೆ ಎರಡೂ ಊರಿನವರಿಗೆ ಅನ್ಯಾಯ.

ಜೋಳದ_ರೊಟ್ಟಿ
ಈ ಮಾತು ಒಪ್ಪಿದೆ. ಮಂಗಳೂರಿಗೆ ಬಂದಾಗ ನಮ್ಮ ಹುಡುಗರು ‘ಅಂಗಿ ಒಣಗವಲ್ದು’ ಅಂತ ಗೋಳಾಡಿದ್ದು ಅದಕ್ಕೇ ಏನು!

ಚೆಂಡೆಪೆಟ್ಟು
ಜನ ಸೇರಿದಾಗಿನ ವಾತಾವರಣಕ್ಕೆ ನಮ್ಮಲ್ಲಿ ಒಳ್ಳೆಯ ಮಾತಿದೆ: ‘ಕಳೆ’. ಮದುವೆ ಮನೆಗೆ ಕಳೆ ಬಂತು. ಆಟ ಕಳೆಗಟ್ಟಿತು. ಯಕ್ಷಗಾನ ನೋಡುವವರು ಇನ್ನೂ ಮುಂದೆ ಹೋಗಿ ‘ರೈಸಿತು’ ಅಂತಾರೆ.

ಬಯಲಾಟದ ಗದ್ದೆಗೆ ಒಮ್ಮೆ ಹೋಗಿ ನೋಡಿ. ಕತ್ತಲಾದ ಮೇಲೆ ‘ಕೇಳಿ’ ಅಂತ ಚೆಂಡೆ ಬಡಿಯುತ್ತಾರೆ. ಆಟ ಇದೆ ಅಂತ ಸುತ್ತಲಿನ ಮನೆಗಳಿಗೆ ಚೆಂಡೆಯೇ ಹೇಳುತ್ತದೆ. ಗದ್ದೆಯ ಬದುವಿನ ಮೇಲೆ ಟಾರ್ಚ್ ಬೆಳಕು ಒಂದೊಂದಾಗಿ ಬರತೊಡಗುತ್ತದೆ. ಒಂದು ಮೂಲೆಯಲ್ಲಿ ಚರುಮುರಿ, ಇನ್ನೊಂದರಲ್ಲಿ ಬಿಸಿ ಗೋಳಿಬಜೆ. ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ವೇಷಧಾರಿಗಳು ಕಾಲು ಚಾಚಿ ಕೂತು ಕೈಯಲ್ಲಿ ಸಣ್ಣ ಕನ್ನಡಿ ಹಿಡಿದು ಬಣ್ಣ ಹಾಕಿಕೊಳ್ಳುತ್ತಿರುತ್ತಾರೆ. ಮಕ್ಕಳು ಇಣುಕಿ ಇಣುಕಿ ಬೈಸಿಕೊಳ್ಳುತ್ತಾರೆ. ರಾತ್ರಿ ಎರಡು ಗಂಟೆಗೆ ಅರ್ಧ ಜನ ತೂಕಡಿಸುತ್ತಾರೆ. ಆಗ ರಾಕ್ಷಸನ ಬಣ್ಣದ ವೇಷ ಬಂದು ಅಬ್ಬರಿಸಿದರೆ ಇಡೀ ಗದ್ದೆ ಎದ್ದು ಕೂರುತ್ತದೆ. ಬೆಳಗಿನ ಜಾವಕ್ಕೆ ಭಾಗವತರ ರಾಗವೂ ಬೇರೆಯಾಗಿರುತ್ತದೆ.

ಈಗ ಕಾಲಮಿತಿ ಬಂದಿದೆ. ಮಧ್ಯರಾತ್ರಿಯ ಒಳಗೆ ಮಂಗಳ ಹಾಡುತ್ತಾರೆ. ಪ್ರಸಂಗ ಅದೇ, ಕಲಾವಿದರೂ ಅವರೇ, ಆದರೆ ಆ ಬೆಳಗಿನ ಜಾವ ಇಲ್ಲ. ನನಗೆ ಇದು ದೊಡ್ಡ ನಷ್ಟ ಅಂತಲೇ ಅನ್ನಿಸುತ್ತದೆ.

ಕಡಲತಡಿ
ನಷ್ಟ ನಿಜ. ಆದರೆ ಬೆಳಿಗ್ಗೆ ಎಂಟಕ್ಕೆ ಆಫೀಸಿಗೆ ಹೋಗಬೇಕಾದವರು, ಪುಟ್ಟ ಮಕ್ಕಳ ತಾಯಂದಿರು ಈಗ ಪೂರ್ತಿ ಆಟ ನೋಡುತ್ತಾರೆ. ಮೊದಲು ಅರ್ಧಕ್ಕೇ ಎದ್ದು ಹೋಗುತ್ತಿದ್ದರು. ಕಲಾವಿದರಿಗೂ ನಿದ್ದೆ ಸಿಗುತ್ತದೆ. ಅವರ ಆರೋಗ್ಯ ಮುಖ್ಯ ಅಲ್ವಾ?

ಚೆಂಡೆಪೆಟ್ಟು
ಕಲಾವಿದರ ನಿದ್ದೆಯ ಮಾತಿಗೆ ಎದುರು ಹೇಳಲ್ಲ. ಹರಕೆ ಆಟವಾದರೂ ವರ್ಷಕ್ಕೊಮ್ಮೆ ಬೆಳಗಿನವರೆಗೆ ನಡೆಯಲಿ ಅನ್ನುವುದು ನನ್ನ ಆಸೆ.

ಕಾವ್ಯದ_ಕಿಟಕಿ
ಚೆಂಡೆಪೆಟ್ಟು ಅವರು ಹೇಳಿದ್ದಕ್ಕೆ ನಮ್ಮ ಹಳೆಯ ಕಾವ್ಯಶಾಸ್ತ್ರದಲ್ಲಿ ಲೆಕ್ಕ ಇದೆ. ಭಾವ ಹುಟ್ಟಲು ಕಾರಣವಾದದ್ದು ವಿಭಾವ. ಅದರಲ್ಲಿ ಎರಡು ಬಗೆ. ಯಾರನ್ನು ನೋಡಿ ಭಾವ ಹುಟ್ಟಿತೋ ಅದು ಆಲಂಬನ. ಆ ಭಾವವನ್ನು ಕೆರಳಿಸುವ ಬೆಳದಿಂಗಳು, ತೋಟ, ಮಳೆ, ತಂಗಾಳಿ, ಕೋಗಿಲೆ ಇವು ಉದ್ದೀಪನ. ಈಗ ಕತೆ ವಿಮರ್ಶೆ ಮಾಡುವಾಗ ‘ವಾತಾವರಣ ಚೆನ್ನಾಗಿ ಕಟ್ಟಿದ್ದಾರೆ’ ಅಂತೇವಲ್ಲ, ಅದು ಬಹುಪಾಲು ಇದೇ. ಹೊರಗಿನ ಹವೆ ಒಳಗಿನ ಭಾವಕ್ಕೆ ಕೆಲಸ ಮಾಡುತ್ತದೆ. ಹಾಗಾಗಿ ಗಾಳಿಯ ಅರ್ಥವೂ ಮನಸ್ಸಿನ ಅರ್ಥವೂ ಒಂದೇ ಪದದಲ್ಲಿ ಸೇರಿದ್ದು ಆಕಸ್ಮಿಕ ಅಂತ ನನಗೆ ಅನ್ನಿಸುವುದಿಲ್ಲ.

ಆಕಾಶನೋಟ
ಇಂಗ್ಲಿಷ್‌ನಲ್ಲೂ ಹಾಗೇ ಆಗಿದೆ. ಗ್ರೀಕ್‌ನ ಆವಿ ಮತ್ತು ಗೋಳ ಎಂಬ ಎರಡು ಪದ ಸೇರಿಸಿ ಅಟ್ಮಾಸ್ಫಿಯರ್ ಮಾಡಿದರು. 1630ರ ದಶಕದಲ್ಲಿ ಇಂಗ್ಲಿಷಿನವರು ಅದನ್ನು ಮೊದಲು ಬಳಸಿದ್ದು ಭೂಮಿಯ ಬಗ್ಗೆ ಅಲ್ಲ, ಚಂದ್ರನ ಬಗ್ಗೆ! ಚಂದ್ರನಿಗೂ ಗಾಳಿಯ ಹೊದಿಕೆ ಇರಬೇಕು ಎಂದು ಊಹಿಸಿದ್ದರು. ಸುತ್ತಲಿನ ಜನರ ಮನಸ್ಥಿತಿ ಅನ್ನುವ ಅರ್ಥ ಬಂದದ್ದು ಬಹಳ ತಡವಾಗಿ, 1800ರ ಆಸುಪಾಸು.

ಚಂದ್ರನಲ್ಲಿ ಗಾಳಿ ಇಲ್ಲವೆಂದೇ ಹೇಳಬೇಕು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದಾಗ ಪ್ಯಾರಾಚೂಟ್ ಇರಲಿಲ್ಲ, ಗಮನಿಸಿದ್ದೀರಾ? ಹಿಡಿದುಕೊಳ್ಳಲು ಗಾಳಿಯೇ ಇಲ್ಲದ ಮೇಲೆ ಪ್ಯಾರಾಚೂಟ್ ಬಿಚ್ಚಿ ಏನು ಮಾಡುವುದು? ವೇಗ ತಗ್ಗಿಸುವ ಕೆಲಸ ಪೂರ್ತಿ ಎಂಜಿನ್‌ಗಳದ್ದೇ. ಮಂಗಳದಲ್ಲಿ ಗಾಳಿ ಇದೆ, ಆದರೆ ಒತ್ತಡ ನಮ್ಮದರ ಶೇ 1ಕ್ಕಿಂತ ಕಡಿಮೆ. ಶುಕ್ರದಲ್ಲಿ ನಮ್ಮದರ 90 ಪಟ್ಟಿಗಿಂತ ಜಾಸ್ತಿ.

ತುಂಗಾತೀರ
ಅಬ್ಬಾ, ಎಷ್ಟೊಂದು ಬಂತು! ಮಗಳಿಗೆ ಓದಿ ಹೇಳುತ್ತಿದ್ದೇನೆ. ಅವಳದೊಂದು ಪ್ರಶ್ನೆ: ಸೂರ್ಯನಿಗೂ ವಾತಾವರಣ ಇದೆ ಅಂತ ಎಲ್ಲೋ ಓದಿದ್ದಾಳೆ. ಬೆಂಕಿ ಉಂಡೆಗೆ ಗಾಳಿ ಎಲ್ಲಿಂದ ಬರಬೇಕು?

ಆಕಾಶನೋಟ
ಒಳ್ಳೆಯ ಪ್ರಶ್ನೆ ಪುಟ್ಟಿ. ಸೂರ್ಯ ಪೂರ್ತಿ ಅನಿಲದ ಗೋಳ. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ತಟ್ಟೆಯನ್ನು ಮೇಲ್ಮೈ ಅಂತ ಇಟ್ಟುಕೊಂಡಿದ್ದಾರೆ. ಅದರಿಂದ ಹೊರಗೆ ಹರಡಿರುವ ತೆಳುವಾದ ಅನಿಲಕ್ಕೆ ಸೂರ್ಯನ ವಾತಾವರಣ ಅಂತಾರೆ. ಇಲ್ಲಿ ‘ವಾತ’ ಅಂದರೆ ನಾವು ಉಸಿರಾಡುವ ಗಾಳಿ ಅಲ್ಲ, ಯಾವುದೇ ಅನಿಲ. ಅದರ ಹೊರಭಾಗ ಕರೋನಾ. ಪೂರ್ಣ ಸೂರ್ಯಗ್ರಹಣದಲ್ಲಿ ಬೆಳ್ಳಗೆ ಕಿರೀಟದ ಹಾಗೆ ಕಾಣುವುದು ಅದೇ.

ವಿಚಿತ್ರ ಏನೆಂದರೆ, ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್, ಅದರ ಹೊರಗಿನ ಕರೋನಾ 10 ಲಕ್ಷ ಡಿಗ್ರಿಗಿಂತ ಜಾಸ್ತಿ. ಒಲೆಯಿಂದ ದೂರ ಹೋದಷ್ಟೂ ಬಿಸಿ ಹೆಚ್ಚಾದ ಹಾಗೆ. ಯಾಕೆ ಅನ್ನುವುದು ಇನ್ನೂ ಪೂರ್ತಿ ಬಗೆಹರಿದಿಲ್ಲ. 2023ರ ಸೆಪ್ಟೆಂಬರ್ 2ರಂದು ಹಾರಿಸಿದ ಆದಿತ್ಯ-ಎಲ್1 ನೋಡುತ್ತಿರುವುದು ಇದನ್ನೇ. ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ದೂರದಲ್ಲಿದೆ. ಅದರ ಮುಖ್ಯ ಉಪಕರಣ ತಯಾರಾಗಿದ್ದು ನಮ್ಮ ಹೊಸಕೋಟೆಯಲ್ಲಿ, ಭಾರತೀಯ ಖಭೌತ ಸಂಸ್ಥೆಯ ಕೇಂದ್ರದಲ್ಲಿ. ಕರೋನಾ ಕಾಣಲೆಂದು ಅದು ಸೂರ್ಯನ ತಟ್ಟೆಯನ್ನು ತಾನೇ ಮರೆಮಾಡಿಕೊಳ್ಳುತ್ತದೆ. ಅಂದರೆ ತನಗೆ ಬೇಕಾದ ಗ್ರಹಣವನ್ನು ತಾನೇ ಮಾಡಿಕೊಳ್ಳುತ್ತದೆ.

ಮೋಡಗಣ್ಣು
ಎಲ್ಲರೂ ಆಕಾಶಕ್ಕೆ ಹೋದಿರಿ. ನಾನು ಸ್ವಲ್ಪ ಬಂಗಾಳಕೊಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ನನಗೆ ಬೇಸರ ತರಿಸುವ ಪದ ‘ವಾಯುಭಾರ ಕುಸಿತ’. ಟಿವಿಯಲ್ಲಿ ಅದನ್ನು ಓದುವ ಧಾಟಿ ಕೇಳಿದರೆ ಏನೋ ಕುಸಿದು ಬಿದ್ದೇ ಹೋಯಿತು ಅನ್ನಿಸುತ್ತದೆ.

ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ ಸಾಮಾನ್ಯವಾಗಿ 1,013 ಹೆಕ್ಟೊಪಾಸ್ಕಲ್. ಒಂದು ಅಟ್ಮಾಸ್ಫಿಯರ್ ಅನ್ನುವ ಅಳತೆ ಇದೇ. ಅದು 1,000ಕ್ಕೆ ಇಳಿದರೂ ಇಳಿಕೆ ಶೇ 1ರ ಆಸುಪಾಸು. ಅಷ್ಟಕ್ಕೇ ಸುತ್ತಲಿನ ಗಾಳಿ ಅತ್ತ ನುಗ್ಗಲು ಶುರು. ಹವಾಮಾನ ಇಲಾಖೆ ಇದನ್ನು ಗಾಳಿಯ ವೇಗದ ಮೇಲೆ ವಿಂಗಡಿಸುತ್ತದೆ. ಗಂಟೆಗೆ 31 ಕಿ.ಮೀ.ಗಿಂತ ಕಡಿಮೆ ಇದ್ದರೆ ಅದು ಬರೀ ಕಡಿಮೆ ಒತ್ತಡದ ಪ್ರದೇಶ. 31ರಿಂದ 49 ಆದರೆ ವಾಯುಭಾರ ಕುಸಿತ. 62 ದಾಟಿದರೆ ಚಂಡಮಾರುತ. ನಮ್ಮ ಚಾನೆಲ್‌ಗಳಲ್ಲಿ ಮೊದಲನೆಯದಕ್ಕೂ ‘ಕುಸಿತ’ ಅಂದುಬಿಡುತ್ತಾರೆ. ರೈತರು ಕೊಯ್ದ ರಾಗಿಯನ್ನು ಹೊಲದಲ್ಲೇ ಬಿಡಬೇಕೋ ತರಬೇಕೋ ಅಂತ ಇದನ್ನು ಕೇಳಿ ನಿರ್ಧರಿಸುತ್ತಾರೆ. ವ್ಯತ್ಯಾಸ ಹೇಳಲೇಬೇಕು.

ಇನ್ನೊಂದು ಲೆಕ್ಕ ನೋಡಿ. 1999ರ ಒಡಿಶಾ ಮಹಾ ಚಂಡಮಾರುತದ ನಡುವಿನ ಒತ್ತಡ 912 ಎಂದು ಅಂದಾಜಿಸಿದ್ದರು. ಬೆಂಗಳೂರಿನಲ್ಲಿ ಪ್ರತಿದಿನ ಇರುವ ಒತ್ತಡ ಎಷ್ಟು ಗೊತ್ತಾ? ಸುಮಾರು 910!

ಸುಮ್ನೆ_ಓದುಗ
ಹಾಗಾದರೆ ಬೆಂಗಳೂರು ಹಾರಿಹೋಗಬೇಕಿತ್ತಲ್ಲ? ಮತ್ತೆ ನನ್ನ ಫೋನ್‌ನಲ್ಲಿ ಬೆಂಗಳೂರಿಗೆ 1,012 ಅಂತ ತೋರಿಸ್ತಿದೆ. ಯಾವುದು ನಿಜ?

ಮೋಡಗಣ್ಣು
ಎರಡೂ ನಿಜ. ಬೆಂಗಳೂರು ಸಮುದ್ರ ಮಟ್ಟಕ್ಕಿಂತ ಸುಮಾರು 920 ಮೀಟರ್ ಎತ್ತರದಲ್ಲಿದೆ. ತಲೆಯ ಮೇಲಿನ ಗಾಳಿ ಅಷ್ಟು ಕಡಿಮೆ, ಹಾಗಾಗಿ ಒತ್ತಡವೂ ಕಡಿಮೆ. ಆದರೆ ಬೆಂಗಳೂರನ್ನೂ ಚೆನ್ನೈಯನ್ನೂ ಹೋಲಿಸಬೇಕಾದರೆ ಎತ್ತರದ ವ್ಯತ್ಯಾಸ ಕಳೆಯಬೇಕು. ಅದಕ್ಕೆ ‘ಬೆಂಗಳೂರು ಸಮುದ್ರ ಮಟ್ಟದಲ್ಲಿದ್ದಿದ್ದರೆ ಎಷ್ಟಿರುತ್ತಿತ್ತು’ ಅಂತ ಲೆಕ್ಕ ಹಾಕಿ ಫೋನ್‌ಗೆ ಕೊಡುತ್ತಾರೆ. ಅದು 1,012.

ಹಾರಿಹೋಗುವ ಮಾತು: ಗಾಳಿ ಬೀಸುವುದು ಒತ್ತಡ ಕಡಿಮೆ ಇದೆ ಅಂತಲ್ಲ, ಒಂದೇ ಎತ್ತರದಲ್ಲಿ ಪಕ್ಕಪಕ್ಕದ ಜಾಗಗಳ ನಡುವೆ ವ್ಯತ್ಯಾಸ ಇದೆ ಅಂತ. ಬೆಂಗಳೂರಿನ ಎತ್ತರದಲ್ಲಿ ಸುತ್ತಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಒಡಿಶಾದಲ್ಲಿ ಸುತ್ತಲೂ ಸಾವಿರದ ಮೇಲಿದ್ದಾಗ ನಡುವೆ 912 ಇತ್ತು.

ಕಾಫಿಕಣ
ಚಿಪ್ಸ್ ಪೊಟ್ಟಣ ತೆಗೆದುಕೊಂಡು ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿಗೆ ಹೋಗಿ. 1,930 ಮೀಟರ್ ಎತ್ತರದ ತುದಿ ತಲುಪುವಷ್ಟರಲ್ಲಿ ಉಬ್ಬಿ ಗಟ್ಟಿಯಾಗಿರುತ್ತದೆ. ಒಳಗಿನ ಗಾಳಿ ಅಷ್ಟೇ ಇದೆ, ಹೊರಗಿನಿಂದ ಒತ್ತುವುದು ಕಡಿಮೆಯಾಗಿದೆ. ಮಕ್ಕಳಿಗೆ ತೋರಿಸಲು ಇದಕ್ಕಿಂತ ಸುಲಭದ ಪ್ರಯೋಗ ಇಲ್ಲ. ಪೊಟ್ಟಣ ಮಾತ್ರ ವಾಪಸ್ ತನ್ನಿ ದಯವಿಟ್ಟು. ಬೆಟ್ಟದಲ್ಲಿ ಈಗಾಗಲೇ ತುಂಬಾ ಬಿದ್ದಿವೆ.

ಮಾಜಿ_ಯೋಧ
ಲೇಹ್‌ನಲ್ಲಿ ಇದ್ದವರಿಗೆ ಈ ಲೆಕ್ಕ ಅಡುಗೆಮನೆಯಲ್ಲೇ ಗೊತ್ತಾಗುತ್ತದೆ. ಅಲ್ಲಿ ಎತ್ತರ ಸುಮಾರು 3,500 ಮೀಟರ್. ನೀರು 88 ಡಿಗ್ರಿಗೇ ಕುದಿಯುತ್ತದೆ. ಕುದೀತಾ ಇರುತ್ತೆ, ಅಕ್ಕಿ ಬೇಯಲ್ಲ. ಬೇಳೆಯಂತೂ ಮುಟ್ಟಲೇಬೇಡಿ. ಕುಕ್ಕರ್ ಇಲ್ಲದೆ ಊಟ ಇಲ್ಲ. ಬೆಂಗಳೂರಿನಲ್ಲೂ ನೀರು ಕುದಿಯುವುದು 97ಕ್ಕೇ, 100ಕ್ಕಲ್ಲ. ನಮ್ಮಲ್ಲಿ ಯಾರಿಗೂ ಗೊತ್ತಾಗಲ್ಲ ಅಷ್ಟೆ.

ವಾತಾವರಣದ ಇನ್ನೊಂದು ಅರ್ಥಕ್ಕೂ ಒಂದು ಮಾತು ಸೇರಿಸುತ್ತೇನೆ. ಹಬ್ಬದ ದಿನ ಅಲ್ಲಿ ಯಾರಾದರೂ ಕನ್ನಡದಲ್ಲಿ ಒಂದು ಹಾಡು ಶುರುಮಾಡಿದರೆ ಸಾಕಿತ್ತು. ಪಂಜಾಬಿ, ಮಲಯಾಳಿ ಹುಡುಗರೂ ಬಂದು ಸುತ್ತ ಕೂರುತ್ತಿದ್ದರು. ಅದಕ್ಕೆ ಯಾವ ಪದ ಹಾಕುತ್ತೀರೋ ಹಾಕಿ.

ಚೆಂಡೆಪೆಟ್ಟು
ಕಳೆಗಟ್ಟಿತು ಅನ್ನಿ ಸರ್. ಅದೇ ಪದ.

ಸೈಕಲ್_ಶಾಪ್
ದಿನಾ ನನ್ನ ಅಂಗಡೀಲಿ ಇದೇ ನಡೆಯೋದು. ಕಾರಿನವರು ‘30 ಹಾಕಿ’ ಅಂತಾರೆ. ಅಂದರೆ 30 ಪಿಎಸ್‌ಐ. ಚದರ ಇಂಚಿಗೆ ಎಷ್ಟು ಪೌಂಡ್ ಒತ್ತಡ ಅನ್ನೋ ಅಳತೆ, ಅದೂ ಹೊರಗಿನ ಗಾಳಿಗಿಂತ ಎಷ್ಟು ಜಾಸ್ತಿ ಅನ್ನೋ ಲೆಕ್ಕ. ಹೊರಗಿನದೇ ಸಮುದ್ರ ಮಟ್ಟದಲ್ಲಿ 14.7 ಇರುತ್ತೆ. ಟಯರ್ ಪೂರ್ತಿ ಕೂತರೂ ಮೀಟರ್ ಸೊನ್ನೆ ತೋರಿಸುತ್ತೆ, ಆದರೆ ಒಳಗೆ ಗಾಳಿ ಇದ್ದೇ ಇರುತ್ತೆ.

ಡೆಸ್ಕ್_ರಾತ್ರಿಪಾಳಿ
ಗಾಳಿ, ಟಯರ್, ಚಿಪ್ಸ್ ಎಲ್ಲ ಚೆನ್ನಾಗಿದೆ. ನಾನು ಮತ್ತೆ ಪದಕ್ಕೆ ಬರುತ್ತೇನೆ. ನನ್ನ ಕೆಲಸದಲ್ಲಿ ನನ್ನನ್ನು ನಿಜವಾಗಿ ಕಾಡುವ ವಾತಾವರಣ ಬೇರೆ.

‘ಸ್ಥಳದಲ್ಲಿ ಕೆಲಕಾಲ ಉದ್ವಿಗ್ನ ವಾತಾವರಣ ನಿರ್ಮಾಣವಾಗಿತ್ತು.’ ಈ ಸಾಲು ರಾತ್ರಿ ಬರುವ ವರದಿಗಳಲ್ಲಿ ಎಷ್ಟೊಂದು ಸಲ ಇರುತ್ತದೆ! ಅದರಲ್ಲಿ ಏನೂ ಇಲ್ಲ. ಯಾರು ನಿರ್ಮಾಣ ಮಾಡಿದರು? ಎಷ್ಟು ಜನ ಇದ್ದರು? ಕಲ್ಲು ಬಿತ್ತೋ, ಬರೀ ಕೂಗಾಟವೋ? ಓದಿದವರು ತಮಗೆ ತೋಚಿದ್ದನ್ನು ಕಲ್ಪಿಸಿಕೊಳ್ಳುತ್ತಾರೆ. ಒಂದು ಸಣ್ಣ ಮಾತಿನ ಚಕಮಕಿ ಪಕ್ಕದ ಊರಿಗೆ ಹೋಗುವಾಗ ಗಲಭೆ ಆಗಿರುತ್ತದೆ. ‘ಅಂಗಡಿಯವರು ಅರ್ಧ ಗಂಟೆ ಬಾಗಿಲು ಹಾಕಿದ್ದರು, ಪೊಲೀಸರು ಬಂದ ಮೇಲೆ ತೆಗೆದರು’ ಅಂತ ಬರೆಯಿರಿ ಎಂದು ಹುಡುಗರಿಗೆ ಹೇಳುತ್ತೇನೆ. ಕಂಡದ್ದು ಬರೆದರೆ ಸಾಕು. ‘ಶೋಕದ ವಾತಾವರಣ’ ಕೂಡ ಹಾಗೇ. ಸತ್ತವರ ಮನೆಯಲ್ಲಿ ಏನಿರುತ್ತದೆ ಅಂತ ಎಲ್ಲರಿಗೂ ಗೊತ್ತು.

ತಂಪಾದ ವಾತಾವರಣದಿಂದ ಯಾರಿಗೂ ತೊಂದರೆ ಇಲ್ಲ. ಗೆರೆ ಎಳೆಯುವುದಾದರೆ ಇಲ್ಲಿ ಎಳೆಯಬೇಕು.

ನಿವೃತ್ತ_ಮೇಷ್ಟ್ರು
ಬಹಳ ಒಳ್ಳೆಯ ಮಾತು. ಪ್ರಬಂಧ ತಿದ್ದುವಾಗ ನಾನೂ ಇದನ್ನೇ ಹೇಳುತ್ತಿದ್ದೆ. ‘ಹಬ್ಬದ ವಾತಾವರಣ ಇತ್ತು’ ಅಂದ ಮಗುವಿಗೆ ‘ನಿನಗೆ ಹೇಗೆ ಗೊತ್ತಾಯಿತು?’ ಅಂತ ಕೇಳಬೇಕು. ಬಳೆ ಅಂಗಡಿ, ಬೆಂಡು ಬತ್ತಾಸು, ತೇರಿನ ಹಗ್ಗ ಎಲ್ಲ ತಾನಾಗಿ ಬರುತ್ತವೆ. ತುಂಗಾತೀರ ಅವರೇ, ಮಗಳ ಎರಡನೇ ಸಾಲನ್ನು ಹೀಗೆ ಬಿಡಿಸಿ ಬರೆಸಿ ನೋಡಿ.

ಹೊರನಾಡ_ಹೆಣ್ಣು
ನಾನು ದುಬೈಯಲ್ಲಿದ್ದೇನೆ. ಇಲ್ಲಿ ಕಡಲತಡಿಯವರ ಸೆಖೆಯೂ ಜೋಳದ ರೊಟ್ಟಿಯವರ ಝಳವೂ ಒಟ್ಟಿಗೆ ಸಿಗುತ್ತವೆ. ಆಗಸ್ಟ್‌ನಲ್ಲಿ ಕನ್ನಡಕ ಹಾಕಿಕೊಂಡು ಎಸಿ ಕಾರಿನಿಂದ ಇಳಿದರೆ ಗಾಜು ಪೂರ್ತಿ ಮಬ್ಬು.

ಅಮ್ಮ ಫೋನ್ ಮಾಡಿದಾಗ ಮೊದಲ ಪ್ರಶ್ನೆ ‘ಹವಾ ನೀರು ಒಗ್ಗಿದೆಯಾ?’ ನನಗೆ ಬಹಳ ಇಷ್ಟದ ಮಾತು ಅದು. ಊರಿನ ಗಾಳಿ, ನೀರು, ಊಟ, ಜನ, ಎಲ್ಲ ಸೇರಿ ಮೈಗೆ ಹಿಡಿಸಿದೆಯಾ ಅಂತ. ‘ಅಲ್ಲಿನ ವಾತಾವರಣ ಹೊಂದಿಕೆಯಾಗಿದೆಯೇ’ ಅಂತ ಅಮ್ಮ ಕೇಳಿದ್ದರೆ ಯಾರೋ ಆಫೀಸಿನವರು ಕೇಳಿದ ಹಾಗೆ ಇರುತ್ತಿತ್ತು.

ಕಾವ್ಯದ_ಕಿಟಕಿ
ಹಿಂದೆ ವೈದ್ಯರೂ ‘ಹವಾ ಬದಲಾವಣೆಗೆ ಹೋಗಿ’ ಅಂತಿದ್ದರು. ಕ್ಷಯಕ್ಕೆ ಔಷಧಿ ಇಲ್ಲದ ಕಾಲದಲ್ಲಿ ಒಳ್ಳೆಯ ಗಾಳಿ, ಹಾಲು, ವಿಶ್ರಾಂತಿಯೇ ಚಿಕಿತ್ಸೆ. ಮೈಸೂರಿನ ಪಿಕೆಟಿಬಿ ಸ್ಯಾನಿಟೋರಿಯಂನಂಥವು ಕಟ್ಟಿದ್ದು ಆ ನಂಬಿಕೆಯ ಕಾಲದಲ್ಲಿ. ಕ್ಷಯದ ಔಷಧಿ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದದ್ದು 1943ರಲ್ಲಿ. ಆಮೇಲೆ ಹವಾ ಬದಲಾವಣೆಯ ಮಾತು ನಿಧಾನಕ್ಕೆ ಕಡಿಮೆಯಾಯಿತು.

ಜೋಳದ_ರೊಟ್ಟಿ
ರೈತರ ಮಾತು ಯಾರೂ ಎತ್ತಲಿಲ್ಲಲ್ಲ? ನಮ್ಮ ಅಜ್ಜನ ಹವಾಮಾನ ವರದಿ ಮಳೆ ನಕ್ಷತ್ರದ ಮ್ಯಾಲೆ. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ’. ಮೃಗಶಿರಾ, ಆರಿದ್ರಾ, ಪುನರ್ವಸು ಹೀಂಗ ಒಂದೊಂದು ಮಳೆಗೆ ಹದಿಮೂರು ಹದಿನಾಲ್ಕು ದಿವಸ.

ಮೋಡಗಣ್ಣು
ಗಾದೆಗಳಲ್ಲಿ ತಲೆಮಾರುಗಳ ನೋಟ ಇದೆ, ನಿಜ. ಆದರೆ ಅದು ಮೇಷ್ಟ್ರು ಹೇಳಿದ ವಾಯುಗುಣ. ಸಾಮಾನ್ಯವಾಗಿ ಯಾವಾಗ ಏನಾಗುತ್ತದೆ ಅಂತ ಹೇಳುತ್ತದೆ. ಈ ವರ್ಷದ ರೋಹಿಣಿ ಬರುತ್ತೋ ಇಲ್ಲವೋ ಹೇಳಲ್ಲ. ಅದಕ್ಕೆ ಮುನ್ಸೂಚನೆ ನೋಡಬೇಕು. ವರುಣಮಿತ್ರ ಸಹಾಯವಾಣಿ ಇದೆ, ಬಳಸಿ.

ತೋಟದ_ಮನೆ
ವಾತಾವರಣದ ಒತ್ತಡ ರೈತರಿಗೆ ನೇರವಾಗಿ ತಟ್ಟುವುದು ಬಾವಿಯಲ್ಲಿ. ಹಳೆಯ ತೆರೆದ ಬಾವಿಗಳಲ್ಲಿ ಅರ್ಧಕ್ಕೆ ಕಟ್ಟೆ ಕಡಿದು ಮೋಟಾರ್ ಅಲ್ಲಿ ಕೂರಿಸಿರುತ್ತಾರೆ, ನೋಡಿದ್ದೀರಾ? ಮೇಲೆ ಇಟ್ಟರೆ ಸುಲಭ ಅಲ್ವಾ, ಯಾಕೆ ಇಳಿಸಿದರು?

ಪಂಪು ನೀರನ್ನು ಎಳೆಯುವುದಿಲ್ಲ. ಪೈಪಿನೊಳಗೆ ಒತ್ತಡ ಕಡಿಮೆ ಮಾಡುತ್ತದೆ ಅಷ್ಟೆ. ಆಗ ಬಾವಿಯ ನೀರಿನ ಮೇಲೆ ಕೂತಿರುವ ಹೊರಗಿನ ಗಾಳಿ ನೀರನ್ನು ಪೈಪಿಗೆ ತಳ್ಳುತ್ತದೆ. ಆ ಗಾಳಿಗೆ ತಳ್ಳುವ ಶಕ್ತಿ ಇರುವುದು ಹೆಚ್ಚೆಂದರೆ 10.3 ಮೀಟರ್, ಅದೂ ಸಮುದ್ರ ಮಟ್ಟದಲ್ಲಿ. ನಮ್ಮ ಕೋಲಾರ, ತುಮಕೂರಿನ ಎತ್ತರಕ್ಕೆ ಇನ್ನೂ ಕಡಿಮೆ. ಪೈಪಿನ ತಿಕ್ಕಾಟ ಎಲ್ಲ ಕಳೆದರೆ ನಂಬಬಹುದಾದದ್ದು 6, 7 ಮೀಟರ್. ಇಟಲಿಯಲ್ಲೂ ಸುಮಾರು 10 ಮೀಟರ್ ಮೇಲೆ ನೀರು ಯಾಕೆ ಏರಲ್ಲ ಅಂತ ತಲೆಕೆಡಿಸಿಕೊಂಡಿದ್ದರು. 1643ರಲ್ಲಿ ಟೊರಿಸೆಲ್ಲಿ ನೀರಿನ ಬದಲು ಪಾದರಸ ಹಾಕಿ ನೋಡಲು ಹೇಳಿದ. ಅದು 76 ಸೆಂ.ಮೀ.ಗೆ ನಿಂತಿತು. ಗಾಳಿಗೂ ತೂಕ ಇದೆ ಅಂತ ಗಟ್ಟಿಯಾಗಿದ್ದು ಅಲ್ಲಿಂದ.

ಸಬ್‌ಮರ್ಸಿಬಲ್‌ಗೆ ಈ ಮಿತಿ ಇಲ್ಲ. ಅದು ನೀರಿನೊಳಗೇ ಕೂತು ಕೆಳಗಿನಿಂದ ತಳ್ಳುತ್ತದೆ.

ಕಾಫಿಕಣ
ತೋಟದ ಮನೆಯವರೇ, ವಿಷಯ ಪದದಿಂದ ದೂರ ಹೋದರೂ ಕೇಳಿಬಿಡುತ್ತೇನೆ. ನಮ್ಮ ಕಳದ ಬಾವಿಯ ಮೋಟಾರ್ ಮಳೆಗಾಲದಲ್ಲಿ ಚೆನ್ನಾಗಿ ಓಡುತ್ತದೆ. ಮಾರ್ಚ್ ಬಂದರೆ ಮೋಟಾರ್ ಸದ್ದು ಮಾಡುತ್ತದೆ, ನೀರು ಬರಲ್ಲ. ಮೆಕ್ಯಾನಿಕ್ ಪ್ರತಿ ಸಲ ಬಿಚ್ಚಿ ‘ಮೋಟಾರ್ ಸರಿ ಇದೆ’ ಅಂತಾನೆ.

ತೋಟದ_ಮನೆ
ಮೋಟಾರ್ ಸರಿಯೇ ಇರಬೇಕು. ಎರಡು ವಿಷಯ ನೋಡಿ. ಮೊದಲು ಫುಟ್‌ವಾಲ್ವ್, ಅಂದರೆ ಪೈಪಿನ ಕೆಳತುದಿಯಲ್ಲಿ ನೀರು ವಾಪಸ್ ಹೋಗದಂತೆ ತಡೆಯುವ ವಾಲ್ವ್. ಪೈಪಿಗೆ ನೀರು ತುಂಬಿಸಿ ಹತ್ತು ನಿಮಿಷ ಬಿಡಿ. ಮಟ್ಟ ಇಳಿದರೆ ವಾಲ್ವ್ ಸೋರುತ್ತಿದೆ, ಇಲ್ಲವೇ ಜಾಯಿಂಟ್‌ನಲ್ಲಿ ಗಾಳಿ ಎಳೆಯುತ್ತಿದೆ. ಅದು ಸರಿ ಇದ್ದರೆ ಒಂದು ಹಗ್ಗಕ್ಕೆ ಕಲ್ಲು ಕಟ್ಟಿ ಮೋಟಾರಿನಿಂದ ನೀರಿನವರೆಗೆ ಅಳೆಯಿರಿ. 20 ಅಡಿ ದಾಟಿದ್ದರೆ ನಿಮ್ಮ ಎತ್ತರಕ್ಕೆ ಅದು ಜಾಸ್ತಿ. ಬೇಸಿಗೆಗೆ ಮೋಟಾರನ್ನು ಇಳಿಸಿ, ಇಲ್ಲವೇ ಓಪನ್‌ವೆಲ್ ಸಬ್‌ಮರ್ಸಿಬಲ್ ಹಾಕಿಸಿ. ಅಳತೆ ಹಾಕಿ ಇಲ್ಲೇ ಬರೆಯಿರಿ, ಎಷ್ಟು ಎಚ್‌ಪಿ ಬೇಕು ಅಂತ ಆಮೇಲೆ ನೋಡೋಣ.

ಕಾಫಿಕಣ
ಭಾನುವಾರ ಅಳೆದು ಹೇಳುತ್ತೇನೆ.